ಬಿಡಿಭಾಗದ ಬೆನ್ನು ಹತ್ತಿ

ವಿಜಯಪುರಕ್ಕೆ ಬಂದವರು ಗೋಳಗುಮ್ಮಟ ಮುಗಿಸಿಕೊಂಡು ಊರಿನ ಪಶ್ಚಿಮದ ಕೋಟೆಗೋಡೆಯ ಕಡೆ ಹೊರಳುವುದು ಮಲಿಕ್-ಎ-ಮೈದಾನ್ ತೋಪನ್ನು ನೋಡಲೆಂದು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಈ ತೋಪು 1632ರಲ್ಲಿ ಇಲ್ಲಿಗೆ ಬಂತು. ಅದರ ಸಿಂಹದ ಬಾಯಿ, ಅದನ್ನೆಳೆದ ಎತ್ತು ಆನೆಗಳ ಲೆಕ್ಕ ಎಲ್ಲವನ್ನೂ ಗೈಡುಗಳು ಹೇಳುತ್ತಾರೆ. ಅಲ್ಲಿಗೆ ದೂರವಲ್ಲದ ಉಪಲಿ ಬುರುಜನ್ನು ಹತ್ತುವವರು ಕಡಿಮೆ. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ ಈ ಬುರುಜಿನ ನೆತ್ತಿಯ ಮೇಲೂ ತೋಪುಗಳಿವೆ. ಉದ್ದನೆಯದು 30 ಅಡಿ ಮೀರಿದ್ದು. ಬಗ್ಗಿ ನೋಡಿದರೆ ಇದು ಎರಕದ ಕೆಲಸವಲ್ಲವೆಂಬುದು ಗೊತ್ತಾಗುತ್ತದೆ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಅವುಗಳ ಮೇಲೆ ಕಬ್ಬಿಣದ ಬಳೆಗಳನ್ನು ಒಂದರ ಪಕ್ಕ ಒಂದರಂತೆ ಏರಿಸಿ ಬಿಗಿದಿದ್ದಾರೆ. ಬಂಡಿಯ ಗಾಲಿಗೆ ಹಳಿ ಕಟ್ಟುವ ವಿದ್ಯೆಯೇ ಇಲ್ಲಿ ದೊಡ್ಡದಾಗಿ ಬೆಳೆದಿದೆ ಎನ್ನಬಹುದು.

ಎರಡೂ ತಮ್ಮ ಕಾಲದ ಭಾರೀ ಯಂತ್ರಗಳೇ. ಆದರೆ ಒಂದು ಇಡಿಯಾಗಿ ಹುಟ್ಟಿದ್ದು, ಇನ್ನೊಂದು ಬಿಡಿಯಾಗಿ ಹುಟ್ಟಿ ಇಡಿಯಾದದ್ದು. ಇಡಿಯಾಗಿ ಹುಟ್ಟಿದ್ದು ಒಡೆದರೆ ಅದನ್ನು ಕರಗಿಸುವುದೊಂದೇ ದಾರಿ. 1854ರಲ್ಲಿ ಬ್ರಿಟಿಷ್ ಆಡಳಿತ ಮಲಿಕ್-ಎ-ಮೈದಾನನ್ನು ಬೇಡದ ಸಾಮಾನುಗಳ ಜೊತೆ ಹರಾಜಿಗಿಟ್ಟಾಗ 150 ರೂಪಾಯಿಗೆ ಬೇಡಿಕೆ ಬಂದಿತ್ತಂತೆ. ಅಷ್ಟು ಲೋಹಕ್ಕೆ ಅದು ಗುಜರಿಯ ಬೆಲೆಯೂ ಅಲ್ಲ. ಪುಣ್ಯಕ್ಕೆ ಮಾರಾಟ ರದ್ದಾಯಿತು.

ಈ ಲೇಖನದ ವಸ್ತು ತೋಪುಗಳಲ್ಲ. ಈ ಜಿಲ್ಲೆಯಲ್ಲಿ ಅಣೆಕಟ್ಟು, ಕಾಲುವೆ, ರಸ್ತೆಗಳನ್ನು ಮಾಡಿದ ಬುಲ್ಡೋಜರು, ಎಕ್ಸ್‌ಕವೇಟರು, ಎಲ್ಲರೂ ಜೆಸಿಬಿ ಎಂದೇ ಕರೆಯುವ ಅಗೆಯುವ ಯಂತ್ರ — ಇವುಗಳ ಒಂದು ಭಾಗ ಮುರಿದಾಗ ಅದಕ್ಕೆ ಸರಿಯಾದ ಬದಲಿ ಭಾಗವನ್ನು ಹುಡುಕುವ ಕೆಲಸ. ಇದು ಮೆಕ್ಯಾನಿಕ್ಕುಗಳ ಪಾಡೆಂದು ನಾವು ಬಿಟ್ಟುಬಿಡುತ್ತೇವೆ. ಆದರೆ ಈ ಹುಡುಕಾಟಕ್ಕೂ ಒಂದು ಚರಿತ್ರೆಯಿದೆ. ಅಣೆಕಟ್ಟಿಗೆ ಅಡಿಗಲ್ಲು ಹಾಕಿದವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ನಿಂತ ಯಂತ್ರವನ್ನು ಮತ್ತೆ ನಡೆಸಿದವರ ಹೆಸರು ಯಾವ ಕಲ್ಲಿನಲ್ಲೂ ಸಿಗುವುದಿಲ್ಲ.

ಮೊದಲು ಕಮ್ಮಾರಸಾಲೆಯ ಕಾಲ. ತಿಕೋಟಾ, ಬಬಲೇಶ್ವರದಂಥ ಊರುಗಳಲ್ಲಿ ನೇಗಿಲ ಕುಳ, ಕುಂಟೆಯ ಕುಡ, ಗಾಲಿಯ ಹಳಿ, ಕಪಿಲೆಯ ಗಡಗಡೆಯ ಅಚ್ಚು ಎಲ್ಲವೂ ಅಲ್ಲಿಯೇ ಹುಟ್ಟುತ್ತಿದ್ದವು, ಅಲ್ಲಿಯೇ ರಿಪೇರಿಯಾಗುತ್ತಿದ್ದವು. ಸವೆದ ಕುಡವನ್ನು ಹಣಿಸಿಕೊಂಡು ಬರುವುದು ಮುಂಗಾರಿಗೆ ಮುಂಚಿನ ವಾಡಿಕೆ. ಕಮ್ಮಾರನಿಗೂ ಬಡಿಗನಿಗೂ ಸುಗ್ಗಿಯಲ್ಲಿ ಆಯದ ಕಾಳು. ಅಲ್ಲಿ ಬಿಡಿಭಾಗವೆಂಬ ಪ್ರತ್ಯೇಕ ವಸ್ತುವೇ ಇರಲಿಲ್ಲ. ಮುರಿದ ತುಂಡೇ ಹೊಸದರ ಅಳತೆ. ಒಬ್ಬನ ಗಾಲಿಯ ಹಳಿ ಇನ್ನೊಬ್ಬನ ಗಾಲಿಗೆ ಕೂಡದಿದ್ದರೆ ಯಾರಿಗೂ ನಷ್ಟವಿಲ್ಲ, ಏಕೆಂದರೆ ಎರಡನ್ನೂ ಕಟ್ಟಿದವನು ಹತ್ತು ಹೆಜ್ಜೆ ದೂರದಲ್ಲೇ ಇದ್ದ. ಇದನ್ನು ಸ್ವರ್ಣಯುಗವೆಂದು ಬಣ್ಣಿಸುವುದು ಬೇಡ. ಆ ಕಬ್ಬಿಣ ಬೇಗ ಸವೆಯುತ್ತಿತ್ತು, ಎರೆಮಣ್ಣಿನ ಉಳುಮೆ ಎತ್ತುಗಳ ಜೀವ ತಿನ್ನುತ್ತಿತ್ತು. ಆದರೆ ಒಂದು ಮಾತು ನಿಜ: ಆಗ ಯಂತ್ರ ಕೆಟ್ಟ ಊರಿನಲ್ಲೇ ಅದರ ಜ್ಞಾನವೂ ಇತ್ತು.

ಈ ನಂಟನ್ನು ಮೊದಲು ಕಡಿದದ್ದು ರೈಲು. 1884ರಲ್ಲಿ ಗದಗ-ಹೊಟಗಿ ಮೀಟರ್‌ಗೇಜ್ ದಾರಿ ತೆರೆದು ವಿಜಯಪುರಕ್ಕೆ ಉಗಿಬಂಡಿ ಬಂತು. ಅದರ ಒಂದು ಭಾಗ ಕೆಟ್ಟರೆ ಊರ ಕಮ್ಮಾರ ಏನೂ ಮಾಡುವಂತಿರಲಿಲ್ಲ. ರೈಲು ಕಂಪನಿ ಹುಬ್ಬಳ್ಳಿಯಲ್ಲಿ ತನ್ನದೇ ವರ್ಕ್‌ಶಾಪನ್ನು ತೆರೆಯಿತು. ಇನ್ನೊಂದು ತಮಾಷೆ ಎಂದರೆ ಮುಂಬಯಿಯಿಂದ ಬರುವ ಮಾಲೆಲ್ಲ ಹೊಟಗಿಯಲ್ಲಿ ಬ್ರಾಡ್‌ಗೇಜ್ ಡಬ್ಬಿಯಿಂದ ಇಳಿದು ಮೀಟರ್‌ಗೇಜ್ ಡಬ್ಬಿಗೆ ಏರಬೇಕಿತ್ತು. ಹಳಿಗಳ ನಡುವಿನ ಅಂತರ ಎರಡೂ ಕಡೆ ಬೇರೆ! ಒಂದರ ಗಾಲಿ ಇನ್ನೊಂದಕ್ಕೆ ಕೂಡದಿದ್ದರೆ ಹಮಾಲರ ಬೆನ್ನೇ ಸೇತುವೆ. ಈ ಶತಮಾನದ ಮೊದಲ ದಶಕದಲ್ಲಿ ಗೇಜು ಪರಿವರ್ತನೆ ಮುಗಿಯುವವರೆಗೆ ಈ ದಾರಿಯ ಒಂದಲ್ಲ ಒಂದು ತುಂಡು ಅಂಥ ತೊಡಕನ್ನು ಹೊತ್ತೇ ಇತ್ತು.

ಒಂದರ ಭಾಗ ಇನ್ನೊಂದಕ್ಕೆ ಕೂಡಬೇಕೆಂಬ ಆಸೆ ಮೊದಲು ಬಲವಾಗಿ ಮೂಡಿದ್ದು ಆಯುಧ ಮಾಡುವವರಲ್ಲಿ. ಫ್ರಾನ್ಸಿನಲ್ಲಿ ಹೊನೊರೆ ಬ್ಲಾಂಕ್ ಎಂಬ ಬಂದೂಕು ತಯಾರಕ ಕೋವಿಯ ಚಾಪಿನ ಭಾಗಗಳನ್ನು ಪ್ರತ್ಯೇಕ ರಾಶಿಗಳಾಗಿ ಸುರಿದು, ಕೈಗೆ ಸಿಕ್ಕದ್ದನ್ನು ಎತ್ತಿ ಜೋಡಿಸಿ ತೋರಿಸುತ್ತಿದ್ದ. 1785ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಥಾಮಸ್ ಜೆಫರ್ಸನ್ ಇದನ್ನು ನೋಡಿ, ತಾನೇ ಹಲವು ಚಾಪುಗಳನ್ನು ಜೋಡಿಸಿದೆನೆಂದು ಅಮೆರಿಕಕ್ಕೆ ಪತ್ರ ಬರೆದ. ಇಂದು ತಿಕೋಟಾದ ಹೊಲದಲ್ಲಿ ನಿಂತ ಜೆಸಿಬಿಗೆ ಸಾವಿರ ಮೈಲಿ ಆಚೆಯ ಕಾರ್ಖಾನೆಯ ಪಿನ್ನು ಸಲೀಸಾಗಿ ಹೊಗುವುದಿದ್ದರೆ ಅದರ ಬೇರು ಆ ರಾಶಿಗಳಲ್ಲಿದೆ.

ಆದರೆ ಯಾರ ಅಳತೆ? ಅಸಲಿ ಜಗಳ ಇಲ್ಲಿಯೇ. ಬ್ರಿಟನ್ನಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಬೋಲ್ಟಿನ ಎಳೆಗಳಿಗೆ — ನಮ್ಮ ಫಿಟ್ಟರುಗಳು ಆಟೆ ಎನ್ನುವುದಕ್ಕೆ — 55 ಡಿಗ್ರಿ ಕೋನ ನಿಗದಿ ಮಾಡಿದ. 1864ರಲ್ಲಿ ಅಮೆರಿಕದ ವಿಲಿಯಂ ಸೆಲರ್ಸ್ 60 ಡಿಗ್ರಿ ಎಂದ. ಅರ್ಧ ಇಂಚಿನ ವಿಟ್‌ವರ್ತ್ ಬೋಲ್ಟಿಗೆ ಇಂಚಿಗೆ 12 ಆಟೆ, ಅಮೆರಿಕದ್ದಕ್ಕೆ 13. ಕಣ್ಣಿಗೆ ಎರಡೂ ಒಂದೇ. ನಟ್ಟು ಒಂದೆರಡು ಸುತ್ತು ಹೋಗಿ ಬಿಗಿಯಾಗುತ್ತದೆ. ಹುಡುಗ ಇನ್ನೂ ಬಲ ಹಾಕುತ್ತಾನೆ. ಆಟೆ ಕಿತ್ತು ಬರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಯಂತ್ರಗಳು ಒಂದೇ ರಣರಂಗಕ್ಕೆ ಬಂದಾಗ ಈ ಒಂದು ಆಟೆಯ ವ್ಯತ್ಯಾಸ ದೊಡ್ಡ ತಲೆನೋವಾಯಿತು. 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಒಂದೇ ಅಳತೆಗೆ ಸಹಿ ಹಾಕಿದವು. ಆ ಅಳತೆಯೂ ಇಂಚಿನದೇ.

ಭಾರತ ಸ್ವತಂತ್ರವಾದಾಗ ಅದರ ಕೈಗೆ ಬಂದ ಬುಲ್ಡೋಜರುಗಳಲ್ಲಿ ದೊಡ್ಡ ಪಾಲು ಆ ಯುದ್ಧದ ಉಳಿಕೆ. ಅಮೆರಿಕದ ಸೇನೆ ಬಿಟ್ಟುಹೋದ ಸುಮಾರು 200 ಟ್ರ್ಯಾಕ್ಟರುಗಳಿಂದ ಕೇಂದ್ರ ಟ್ರ್ಯಾಕ್ಟರ್ ಸಂಘಟನೆ ಶುರುವಾಯಿತು; ಮಧ್ಯಭಾರತದ ಕಳೆ ಹಬ್ಬಿದ ಭೂಮಿಯನ್ನು ಸಾಗುವಳಿಗೆ ತರುವುದು ಅದರ ಉದ್ದೇಶ. ಸೇನೆಯ ಉಳಿಕೆ ಮಾಲಿನ ಗುಣವೇ ಹಾಗೆ — ಯಂತ್ರ ಅಗ್ಗ, ಬಿಡಿಭಾಗ ದುರ್ಲಭ. ಹತ್ತರಲ್ಲಿ ನಾಲ್ಕನ್ನು ಬಿಚ್ಚಿ ಆರನ್ನು ಓಡಿಸುವುದು ಎಲ್ಲ ಕಡೆಯ ಪದ್ಧತಿ. 1949ರಲ್ಲಿ ವಿಶ್ವಬ್ಯಾಂಕಿನಿಂದ ಕೃಷಿ ಯಂತ್ರಗಳಿಗಾಗಿಯೇ 1 ಕೋಟಿ ಡಾಲರ್ ಸಾಲ ತರಬೇಕಾಯಿತು. ಅದು ಭಾರತಕ್ಕೆ ಆ ಬ್ಯಾಂಕು ಕೊಟ್ಟ ಎರಡನೆಯ ಸಾಲ.

ಇನ್ನು ನಮ್ಮ ಜಿಲ್ಲೆಯ ಪಾಡು. 1956ರವರೆಗೆ ವಿಜಾಪುರ ಮುಂಬಯಿ ಪ್ರಾಂತ್ಯದಲ್ಲಿತ್ತು. ಆ ನವೆಂಬರಿನಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಕಡತಗಳ ದಾರಿ ಬೆಂಗಳೂರಿಗೆ ತಿರುಗಿತು. ಭೂಗೋಳ ಮಾತ್ರ ತಿರುಗಲಿಲ್ಲ. ಸೊಲ್ಲಾಪುರ ನೂರು ಕಿಲೋಮೀಟರು, ಹುಬ್ಬಳ್ಳಿ ಅದರ ಎರಡರಷ್ಟು, ಬೆಂಗಳೂರು ಐನೂರರ ಆಚೆ. ಮಂಜೂರಾತಿ ಒಂದು ದಿಕ್ಕಿನಿಂದ, ಮಾಲು ಇನ್ನೊಂದು ದಿಕ್ಕಿನಿಂದ ಬರಬೇಕಾದ ಊರು ಇದು. ಅದೇ ವರ್ಷ ತೂಕ ಮತ್ತು ಅಳತೆಯ ಕಾಯಿದೆ ಬಂದು ದೇಶ ಮೆಟ್ರಿಕ್ಕಿಗೆ ಹೊರಳಿತು. ಮಿಸ್ತ್ರಿಯ ಪೆಟ್ಟಿಗೆಗೆ ಮೂರನೆಯ ಪಾನಾ ಸೆಟ್ಟು ಸೇರಿತು: ಬ್ರಿಟಿಷರದೊಂದು, ಅಮೆರಿಕದ್ದೊಂದು, ಮಿಲಿಮೀಟರಿನದೊಂದು.

1957ರ ಹೊತ್ತಿಗೆ ವಿದೇಶಿ ವಿನಿಮಯದ ಬಿಕ್ಕಟ್ಟು ಬಂತು. ಹೊರಗಿನಿಂದ ಏನು ತರಿಸಬೇಕಾದರೂ ಪರವಾನಗಿ. ಯಂತ್ರಕ್ಕಾದರೆ ಯೋಜನೆಯ ಹೆಸರಿನಲ್ಲಿ ಪರವಾನಗಿ ಸಿಕ್ಕೀತು. ಆ ಯಂತ್ರ ಎರಡು ವರ್ಷ ದುಡಿದ ಮೇಲೆ ಬೇಕಾಗುವ ಒಂದು ಸೀಲಿಗೆ, ಒಂದು ಗೇರಿಗೆ ಯಾರ ಹೆಸರು ಹೇಳುವುದು? 1966ರ ಜೂನ್ 6ರಂದು ರೂಪಾಯಿಯ ಅಪಮೌಲ್ಯವಾಯಿತು. ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದದ್ದು ಒಂದೇ ರಾತ್ರಿಗೆ 7 ರೂಪಾಯಿ 50 ಪೈಸೆ. 100 ಡಾಲರಿನ ಒಂದು ಪಂಪು 476 ರೂಪಾಯಿಯಿಂದ 750 ರೂಪಾಯಿಗೆ ಏರಿತು. ಆ ವರ್ಷದ ಅಂದಾಜು ಪಟ್ಟಿ ಹಿಡಿದುಕೊಂಡಿದ್ದ ಎಂಜಿನಿಯರುಗಳ ಮುಖ ಹೇಗಿದ್ದೀತೆಂದು ಊಹಿಸಿಕೊಳ್ಳಬಹುದು.

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಆಗ ಅವರಿನ್ನೂ ಪ್ರಧಾನಿಯಾಗಿರಲಿಲ್ಲ; ಐದು ದಿನಗಳಲ್ಲಿ ನೆಹರೂ ತೀರಿಕೊಂಡರು. ಅದೇ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಭಾರತ್ ಅರ್ಥ್ ಮೂವರ್ಸ್, ಅಂದರೆ ಇಂದಿನ ಬೆಮೆಲ್, ಸ್ಥಾಪನೆಯಾಯಿತು. ಮಣ್ಣು ಅಗೆಯಬೇಕಾದ ದೊಡ್ಡ ಯೋಜನೆ, ಮಣ್ಣು ಅಗೆಯುವ ಯಂತ್ರಗಳ ಸರ್ಕಾರಿ ಕಾರ್ಖಾನೆ ಎರಡೂ ಒಂದೇ ತಿಂಗಳಲ್ಲಿ ಹುಟ್ಟಿದ್ದು ಕಾಕತಾಳೀಯವೇ ಇರಬಹುದು. ಆದರೆ ಎರಡರ ಹಿಂದೆಯೂ ಇದ್ದದ್ದು ಒಂದೇ ಯೋಚನೆ: ಪ್ರತಿ ಬೋಲ್ಟಿಗೂ ಹಡಗಿನ ದಾರಿ ಕಾಯುತ್ತ ಕೂತರೆ ನೀರು ಹೊಲಕ್ಕೆ ಬರುವುದಿಲ್ಲ.

ಬೆಮೆಲ್ ಜಪಾನಿನ ಕೊಮಾತ್ಸು ಕಂಪನಿಯ ಸಹಯೋಗದಲ್ಲಿ ಕೆಜಿಎಫ್‌ನಲ್ಲಿ ಡೋಜರುಗಳನ್ನು ಮಾಡತೊಡಗಿತು. ಚಿನ್ನದ ಗಣಿಯ ಊರು ಕಬ್ಬಿಣದ ಊರೂ ಆಯಿತು. ಪುಣೆಯಲ್ಲಿ 1962ರಲ್ಲಿ ಕಿರ್ಲೋಸ್ಕರ್ ಕಮಿನ್ಸ್ ಶುರುವಾಗಿತ್ತು; ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲಿಗೆ ಹೆಸರಾದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನವೇ ಅದು. ಬೆಮೆಲ್ಲಿನ ಕೆಲವು ಡೋಜರುಗಳಿಗೆ ಕಮಿನ್ಸ್ ಎಂಜಿನ್ ಬಂತು. ದೇಹ ಜಪಾನಿನ ನಕ್ಷೆ, ಅಳತೆ ಮಿಲಿಮೀಟರು. ಎಂಜಿನ್ ಅಮೆರಿಕದ ನಕ್ಷೆ, ಅಳತೆ ಇಂಚು. ಕಮಿನ್ಸಿನ ಎನ್‌ಟಿ-855 ಎಂಬ ಹೆಸರಿನಲ್ಲಿರುವ 855 ಕೂಡ ಘನ ಇಂಚುಗಳ ಲೆಕ್ಕವೇ, ನಮ್ಮ ಲೆಕ್ಕದಲ್ಲಿ 14 ಲೀಟರು. ಒಂದೇ ಯಂತ್ರದ ಮೂತಿಗೊಂದು ಪಾನಾ, ಬಾಲಕ್ಕೊಂದು ಪಾನಾ. ಎರಡೂ ಈ ದೇಶದಲ್ಲೇ ತಯಾರಾಗುತ್ತಿದ್ದರೂ ಎರಡಕ್ಕೂ ಬೇರೆ ಬೇರೆ ಕ್ಯಾಟಲಾಗು.

ಇಲ್ಲಿಗೆ ನಾವು ಅಂಗಡಿಯ ಕಟ್ಟೆಗೆ ಬಂದಂತಾಯಿತು. ವಿಜಯಪುರದಲ್ಲಾಗಲಿ ಸೊಲ್ಲಾಪುರದಲ್ಲಾಗಲಿ, ಮುರಿದ ತುಂಡನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದವನಿಗೆ ಕಟ್ಟೆಯ ಮೇಲಿನವರು ಮೊದಲು ಕೇಳುವ ಪ್ರಶ್ನೆ, "ನಂಬರ್ ಏನೈತ್ರಿ?" ಕಮ್ಮಾರಸಾಲೆಯಲ್ಲಿ ತುಂಡನ್ನು ತೋರಿಸಿದರೆ ಸಾಕಿತ್ತು, ಇಲ್ಲಿ ತುಂಡು ಸಾಕ್ಷಿ ಮಾತ್ರ. ಯಂತ್ರದ ಮಾದರಿ ಹೇಳಿದರೂ ಸಾಲದು. ಡಿ-80 ಎಂಬುದು ಒಂದು ಯಂತ್ರದ ಹೆಸರಲ್ಲ, ಒಂದು ಕುಲದ ಹೆಸರು. ಅದರ ಮುಂದಿನ ಅಕ್ಷರ, ಅಡ್ಡಗೆರೆಯ ನಂತರದ ಅಂಕಿ ಎಷ್ಟನೆಯ ಪರಿಷ್ಕರಣೆ ಎಂಬುದನ್ನು ಹೇಳುತ್ತವೆ. ಅದರ ಮೇಲೆ ಸರಣಿ ಸಂಖ್ಯೆ. ಕ್ಯಾಟಲಾಗಿನಲ್ಲಿ ಒಂದೇ ಚಿತ್ರದ ಕೆಳಗೆ ಇಂಥ ಸಂಖ್ಯೆಯವರೆಗೆ ಈ ಭಾಗ, ಅಲ್ಲಿಂದ ಮುಂದೆ ಆ ಭಾಗ ಎಂದಿರುತ್ತದೆ. ಕಾರ್ಖಾನೆಯವರು ನಡುವೆ ಒಂದು ತೂತಿನ ಅಳತೆಯನ್ನು ಎರಡು ಮಿಲಿಮೀಟರು ಹಿಗ್ಗಿಸಿರುತ್ತಾರೆ, ಅಷ್ಟೆ. ಆ ಸಂಖ್ಯೆ ಯಂತ್ರದ ಮೈಮೇಲಿನ ಸಣ್ಣ ತಗಡಿನಲ್ಲಿರುತ್ತದೆ. ನಾಲ್ಕು ಕೈ ಬದಲಾದ ಯಂತ್ರದಲ್ಲಿ ಆ ತಗಡು ಬಣ್ಣದಡಿ ಹೂತಿರುತ್ತದೆ, ಇಲ್ಲವೇ ಬಿದ್ದುಹೋಗಿರುತ್ತದೆ. ತಗಡು ಕಳೆದ ಯಂತ್ರ ಕುಲ ಗೋತ್ರ ಮರೆತ ಮನುಷ್ಯನಂತೆ. ಪ್ರತಿ ಭಾಗವನ್ನೂ ಅಳೆದೇ ಗುರುತಿಸಬೇಕು. ಬಲ್ಲ ಮಾಲೀಕರು ಯಂತ್ರ ಕೊಂಡ ದಿನವೇ ಆ ಸಂಖ್ಯೆಯನ್ನು ಎರಡು ಕಡೆ ಬರೆದಿಡುತ್ತಾರೆ.

ಜಗತ್ತೆಲ್ಲ ಒಪ್ಪಿದ ಸಂಖ್ಯೆಯೂ ಒಂದಿದೆ. ಅದು ಬೇರಿಂಗಿನದು. 6205 ಎಂದರೆ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿ: 25 ಮಿಲಿಮೀಟರಿನ ಒಳತೂತು. 6308 ಎಂದರೆ 40. ಮುಂದಿನ ಅಂಕಿಗಳು ಅದರ ಜಾತಿ ಮತ್ತು ಗಾತ್ರದ ಸರಣಿಯನ್ನು ಹೇಳುತ್ತವೆ. ಯಾವ ದೇಶದ ಕಂಪನಿಯೇ ಮಾಡಿರಲಿ, ಲೆಕ್ಕ ಇದೇ. ಶಾಲೆ ಬಿಟ್ಟ ಹುಡುಗನೂ ಗ್ಯಾರೇಜಿನಲ್ಲಿ ಈ ಗುಣಾಕಾರವನ್ನು ಬಾಯಿಪಾಠ ಮಾಡಿರುತ್ತಾನೆ. ಎಲ್ಲ ಭಾಗಗಳೂ ಬೇರಿಂಗಿನಂತಾಗಿದ್ದರೆ ಈ ಲೇಖನ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಹಾಗಾಗಲಿಲ್ಲ. ಹೈಡ್ರಾಲಿಕ್ ಪೈಪಿನ ತುದಿಯನ್ನೇ ನೋಡಿ. ಎಕ್ಸ್‌ಕವೇಟರಿನ ತೋಳನ್ನು ಆಡಿಸುವುದು ಎಣ್ಣೆಯ ಒತ್ತಡ. ಆ ಎಣ್ಣೆಯನ್ನು ಒಯ್ಯುವ ಪೈಪು ಒಡೆಯುವುದು ದಿನನಿತ್ಯದ ಮಾತು. ಅಮೆರಿಕದ ಪದ್ಧತಿಯ ತುದಿಗೆ 37 ಡಿಗ್ರಿ ಇಳಿಜಾರು, ಜಪಾನಿನದಕ್ಕೆ 30. ಕೈಯಲ್ಲಿ ಹಿಡಿದರೆ ಈ ಏಳು ಡಿಗ್ರಿ ಗೊತ್ತಾಗುವುದಿಲ್ಲ. ಬಿಗಿದರೆ ಕೂಡಿದಂತೆಯೇ ಕಾಣುತ್ತದೆ. ಯಂತ್ರ ಭಾರ ಎತ್ತಿದ ಮೇಲೆ ಎಣ್ಣೆ ಜಿನುಗುತ್ತದೆ; ಇನ್ನಷ್ಟು ಬಿಗಿದರೆ ಕೂರುವ ಜಾಗವೇ ಒಡೆಯುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಪಿನ್ನು ಮತ್ತು ಬುಷ್ಷಿನ ವಿಚಾರ. ಬಕೆಟ್ಟು ತೋಳಿಗೆ ಸೇರುವ ಕೀಲಿನಲ್ಲಿ ಒಂದು ದಪ್ಪ ಪಿನ್ನು, ಅದರ ಸುತ್ತ ಒಂದು ಬುಷ್ಷು. ಅದು ಬರೀ ಉರುಟು ಸರಳು. ಅಳತೆ ಕೊಟ್ಟರೆ ಲೇತಿನವರು ಮಧ್ಯಾಹ್ನದೊಳಗೆ ಮಾಡಿಕೊಡುತ್ತಾರೆ, ಕಂಪನಿಯ ಬೆಲೆಯ ಒಂದು ಪಾಲಿಗೆ. ಆಕಾರ ಸರಿ, ಅಳತೆ ಸರಿ, ಹೊಳಪೂ ಹೆಚ್ಚು. ಕಣ್ಣಿಗೆ ಕಾಣದ್ದು ಒಳಗಿದೆ. ಒಳ್ಳೆಯ ಪಿನ್ನಿನ ಹೊರಚರ್ಮ ಗಡಸು, ಒಳಗಿನ ತಿರುಳು ಮೆದು. ಹೊರಗಿನದು ಸವೆತ ತಡೆಯುತ್ತದೆ, ಒಳಗಿನದು ಹೊಡೆತ ತಡೆಯುತ್ತದೆ. ಕುದಿಸಿ, ಅದ್ದಿ, ಮತ್ತೆ ಹದವಾಗಿ ಕಾಯಿಸಿ ಪಡೆಯುವ ಗುಣ ಇದು. ಕಮ್ಮಾರರು ಕುಡಕ್ಕೆ ನೀರು ಕುಡಿಸುತ್ತಿದ್ದದ್ದೂ ಇದೇ ತತ್ತ್ವದಿಂದ. ಹದ ತಪ್ಪಿ ಪೂರ್ತಿ ಗಡಸಾದರೆ ಪಿನ್ನು ಕಲ್ಲಿನ ಏಟಿಗೆ ತುಂಡಾಗುತ್ತದೆ. ಪೂರ್ತಿ ಮೆದುವಾದರೆ ಬೇಗ ಸವೆದು ಸಡಿಲವಾಗುತ್ತದೆ. ಬುಷ್ಷಿನದು ಇನ್ನೊಂದು ಕಥೆ. ಅದು ಸವೆಯಲೆಂದೇ ಮಾಡಿದ ವಸ್ತು. ತಾನು ಸವೆದು ದುಬಾರಿ ತೋಳನ್ನು ಉಳಿಸುವುದೇ ಅದರ ಕೆಲಸ. ಬಹಳ ದಿನ ಬಾಳಲೆಂದು ಬೇಕಾಬಿಟ್ಟಿ ಗಡಸು ಬುಷ್ಷನ್ನು ಕೂರಿಸಿದರೆ ಬುಷ್ಷು ಬಾಳುತ್ತದೆ, ಪಿನ್ನು ಹಾಳಾಗುತ್ತದೆ. ಸವೆದ ಬುಷ್ಷನ್ನು ಬದಲಿಸದೆ ಓಡಿಸಿದರೆ ತೋಳಿನ ತೂತೇ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಸರಿಯಾದ ಬಿಡಿಭಾಗವೆಂದರೆ ಅತ್ಯಂತ ಗಟ್ಟಿಯಾದ ಭಾಗವಲ್ಲ, ಮೊದಲು ಸೋಲಬೇಕಾದ ಭಾಗ ಮೊದಲು ಸೋಲುವಂತೆ ಮಾಡಿದ ಭಾಗ.

ಲೇತಿನ ಕೆಲಸವನ್ನು ಜುಗಾಡ್ ಎಂದು ಹೀಗಳೆಯುವವರೂ ಇದ್ದಾರೆ, ನಮ್ಮ ಮಿಸ್ತ್ರಿಗಳು ಏನು ಬೇಕಾದರೂ ಮಾಡಬಲ್ಲರೆಂದು ಹೊಗಳುವವರೂ ಇದ್ದಾರೆ. ನನಗೆ ಎರಡೂ ಮಾತು ಸರಿ ಕಾಣುವುದಿಲ್ಲ. ಬಾಲ್‌ಪೀನ್ ಸುತ್ತಿಗೆಯಿಂದ ಅಂಚಿನ ಮೇಲೆ ತಟ್ಟಿ ಗ್ಯಾಸ್ಕೆಟ್ಟು ಕತ್ತರಿಸುವುದು, ಸವೆದ ಬಕೆಟ್ ಹಲ್ಲಿನ ಮೇಲೆ ಗಡಸು ರಾಡಿನಿಂದ ವೆಲ್ಡಿಂಗ್ ಗೆರೆ ಎಳೆದು ಮತ್ತೊಂದು ತಿಂಗಳು ಬಾಳಿಸುವುದು, ತೋಳಿನ ತೂತನ್ನು ತುಂಬಿ ಮತ್ತೆ ಕೊರೆಯುವುದು — ಇವು ಪಕ್ಕಾ ವಿದ್ಯೆಗಳು. ಇಂಜೆಕ್ಟರಿನ ಸೂಜಿಯನ್ನು, ಹೈಡ್ರಾಲಿಕ್ ಪಂಪಿನ ಒಳಗಿನ ಪಿಸ್ಟನ್ನನ್ನು ಅದೇ ಲೇತಿನಲ್ಲಿ ಮಾಡಹೊರಡುವುದು ವಿದ್ಯೆಯಲ್ಲ. ಈ ಗೆರೆ ಎಲ್ಲಿದೆ ಎಂದು ಬಲ್ಲವನೇ ಒಳ್ಳೆಯ ಮಿಸ್ತ್ರಿ.

ನೆಲದ ಪಾಲನ್ನೂ ಹೇಳಬೇಕು. ಬಬಲೇಶ್ವರದ ಸುತ್ತಿನ ಎರೆಭೂಮಿ ಮಳೆಯಲ್ಲಿ ಅಂಟು, ಬೇಸಿಗೆಯಲ್ಲಿ ಬಿರುಕು. ಹಸಿ ಎರೆಮಣ್ಣು ಡೋಜರಿನ ಚೈನು ಮತ್ತು ಹಲ್ಲುಗಾಲಿಯ ನಡುವೆ ಮೆತ್ತಿಕೊಂಡು ಗಟ್ಟಿಯಾದರೆ ಚೈನು ಬಿಗಿದು, ಕೊಂಡಿ ಕೊಂಡಿಯೂ ನರಳುತ್ತದೆ. ಕೆಳಗೆ ಅಗೆದರೆ ಗರಸು, ಅದರ ಕೆಳಗೆ ದಖನ್ನಿನ ಕಪ್ಪುಶಿಲೆ. ಅಲ್ಲಿ ಬಕೆಟ್ಟಿನ ಹಲ್ಲು ಉಗುರಿನಂತೆ ಸವೆಯುತ್ತದೆ. ಚೈನಿನ ಯಂತ್ರದ ಒಟ್ಟು ರಿಪೇರಿ ಖರ್ಚಿನಲ್ಲಿ ಅರ್ಧದಷ್ಟು ಈ ಕೆಳಮೈಗೇ ಹೋಗುತ್ತದೆಂದು ತಯಾರಕರೇ ಹೇಳುತ್ತಾರೆ. ಹಳೆಯ ಕಾಲದ ಜಾಣತನವೊಂದಿತ್ತು: ಚೈನಿನ ಪಿನ್ನು ಬುಷ್ಷುಗಳು ಒಂದೇ ಮಗ್ಗುಲಲ್ಲಿ ಸವೆಯುವುದರಿಂದ, ಅವನ್ನು ಪ್ರೆಸ್ಸಿನಲ್ಲಿ ಹೊರತಳ್ಳಿ, ಅರ್ಧ ಸುತ್ತು ತಿರುಗಿಸಿ, ಸವೆಯದ ಮಗ್ಗುಲನ್ನು ಮುಂದೆ ಮಾಡಿ ಮತ್ತೆ ಕೂರಿಸುವುದು. ಹಳೆಯ ಲುಂಗಿಯನ್ನು ನಡುವೆ ಕತ್ತರಿಸಿ ಅಂಚು ಕೂಡಿಸಿ ಹೊಲಿಯುವ ಮನೆಯವರ ಉಪಾಯದಂತೆಯೇ ಇದು.

ದೊಡ್ಡ ಯಂತ್ರಗಳು ಸರ್ಕಾರದ್ದೋ ದೊಡ್ಡ ಗುತ್ತಿಗೆದಾರರದ್ದೋ ಆಗಿದ್ದಷ್ಟು ಕಾಲ ಬಿಡಿಭಾಗದ ಚಿಂತೆಯೂ ಅವರ ಉಗ್ರಾಣದ್ದೇ. 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಬಂದು ಆಲಮಟ್ಟಿಯ ಕೆಲಸ ಚುರುಕಾಯಿತು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅಣೆಕಟ್ಟನ್ನು ನಾಡಿಗೆ ಅರ್ಪಿಸಿದರು. ಅಡಿಗಲ್ಲಿನಿಂದ ಅಲ್ಲಿಗೆ 42 ವರ್ಷ. ತಡಕ್ಕೆ ಹಣ, ನ್ಯಾಯಾಧಿಕರಣ, ಮುಳುಗಡೆ ಎಂಬ ದೊಡ್ಡ ಕಾರಣಗಳಿದ್ದವು. ಬಿಡಿಭಾಗವನ್ನೇ ದೂರುವುದು ಅನ್ಯಾಯ. ಆದರೆ ಆ ಅವಧಿಯಲ್ಲಿ ಯಂತ್ರಲೋಕ ಪೂರ್ತಿ ಬದಲಾಗಿಬಿಟ್ಟಿತು. 1991ರ ನಂತರ ಆಮದು ಸಡಿಲವಾಯಿತು. ಹರಿಯಾಣದ ಬಲ್ಲಭಗಡದಲ್ಲಿ 1979ರಿಂದ ತಯಾರಾಗುತ್ತಿದ್ದ ಜೆಸಿಬಿ ಸಾಲದ ಮೇಲೆ ಹಳ್ಳಿಯ ಹುಡುಗರ ಕೈಗೂ ಬಂತು. ಧಾರವಾಡದಲ್ಲಿ ಟಾಟಾ ಹಿಟಾಚಿಯ ಎಕ್ಸ್‌ಕವೇಟರುಗಳು ತಯಾರಾಗತೊಡಗಿದವು. ಒಂದೇ ಯಂತ್ರದ ಮೇಲೆ ಮನೆಯ ಕಂತು, ತಂಗಿಯ ಮದುವೆ ಎಲ್ಲ ನಿಂತಿರುವ ಮಾಲೀಕನಿಗೆ ಉಗ್ರಾಣವಿಲ್ಲ. ಯಂತ್ರ ನಿಂತ ದಿನವೂ ಸಾಲದ ಬಡ್ಡಿ ನಿಲ್ಲುವುದಿಲ್ಲ. ಅವನು ಹುಬ್ಬಳ್ಳಿಗೆ ಫೋನು ಮಾಡುತ್ತಾನೆ, ಬೆಂಗಳೂರಿನ ಜೆ.ಸಿ. ರಸ್ತೆಗೆ ಮಾಡುತ್ತಾನೆ, ದಿಲ್ಲಿಯ ಮೋರಿ ಗೇಟಿಗೂ ಮಾಡುತ್ತಾನೆ. ರಾತ್ರಿ ಬಸ್ಸಿನ ಡ್ರೈವರನ ಕೈಗೆ ಪಾರ್ಸೆಲ್ ಕೊಡಿಸಿ ನಸುಕಿನಲ್ಲಿ ನಿಲ್ದಾಣದಲ್ಲಿ ಕಾಯುತ್ತಾನೆ. ಪೊಟ್ಟಣದ ಮೇಲೆ ಕಂಪನಿಯ ಹೆಸರು ಸರಿಯಾಗಿಯೇ ಅಚ್ಚಾಗಿರುತ್ತದೆ. ಒಳಗಿನದು ಅಸಲಿಯೋ ನಕಲಿಯೋ ಎಂಬುದನ್ನು ಕಲ್ಲೇ ಹೇಳಬೇಕು.

ತಿಕೋಟಾದಲ್ಲಿ ಈ ಕಾಯುವಿಕೆಗೆ ಇನ್ನೊಂದು ಮುಖವಿದೆ. ಅದು ದ್ರಾಕ್ಷಿ ಮತ್ತು ಒಣದ್ರಾಕ್ಷಿಯ ಸೀಮೆ. ಏಪ್ರಿಲ್ಲಿನ ಚಾಟನಿ ಮುಗಿದು ಬಳ್ಳಿ ಚಿಗುರುವಾಗ ಬೋರು ಬತ್ತಿದರೆ ರೈತ ಟ್ಯಾಂಕರಿನಲ್ಲಿ ನೀರು ಹೊಡೆಸುತ್ತಾನೆ, ಇಲ್ಲವೇ ಇನ್ನೊಂದು ಬೋರು ಕೊರೆಸುತ್ತಾನೆ. ಕೊರೆಯುವ ರಿಗ್ಗುಗಳ ತವರು ತಮಿಳುನಾಡಿನ ತಿರುಚೆಂಗೋಡು. ಕಪ್ಪುಶಿಲೆಯನ್ನು ಕುಟ್ಟುವ ಹ್ಯಾಮರು ರಿಗ್ಗಿನ ಮೇಲಲ್ಲ, ನೂರಾರು ಅಡಿ ಆಳದಲ್ಲಿ ಕೊಳವೆಯ ತುದಿಯಲ್ಲಿರುತ್ತದೆ. ಅದರ ಮೂತಿಯ ಬಿಟ್ಟಿನಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಗುಂಡಿಗಳು. ಗುಂಡಿ ಉದುರಿದರೆ ಕೆಲಸ ನಿಂತಿತು. ಆಗ ರೈತ ಕಾಯುವುದು ನೀರಿಗಲ್ಲ, ಆ ಬಿಟ್ಟಿಗೆ.

ಬಿಡಿಭಾಗದ ಸಮಸ್ಯೆಯನ್ನು ಚೆನ್ನಾಗಿ ಬಿಡಿಸಿದ ಒಂದು ಉದಾಹರಣೆ ಈ ಸೀಮೆಯ ಪಕ್ಕದಲ್ಲೇ ಇದೆ. 1967ರ ಬರದಲ್ಲಿ ಯುನಿಸೆಫ್ ವಿಮಾನದಲ್ಲಿ ರಿಗ್ಗುಗಳನ್ನು ತರಿಸಿ ಕೊಳವೆಬಾವಿ ಕೊರೆಸತೊಡಗಿತು. ಬಾವಿಗಳಾದವು, ಅವುಗಳ ಮೇಲಿನ ಕೈಪಂಪುಗಳು ನಿಲ್ಲಲಿಲ್ಲ. ಒಂದು ಮನೆಯ ಬಳಕೆಗೆಂದು ವಿದೇಶದಲ್ಲಿ ರೂಪಿಸಿದ ಎರಕದ ಪಂಪನ್ನು ಇಡೀ ಊರು ದಿನವಿಡೀ ಜಗ್ಗಿದರೆ ಇನ್ನೇನಾದೀತು? ಒಂದೊಂದು ಫೌಂಡ್ರಿಯದು ಒಂದೊಂದು ಅಳತೆ. ಒಂದರ ಕೀಲು ಇನ್ನೊಂದಕ್ಕಿಲ್ಲ. 1974ರ ಸಮೀಕ್ಷೆಯೊಂದರಲ್ಲಿ ಮುಕ್ಕಾಲು ಪಾಲು ಪಂಪುಗಳು ಕೆಟ್ಟು ನಿಂತದ್ದು ಕಂಡುಬಂತು. ಅಷ್ಟರಲ್ಲಿ ಸೊಲ್ಲಾಪುರದ ಮಿಷನ್ನಿನವರು ಎರಕ ಬಿಟ್ಟು ಉಕ್ಕಿನಲ್ಲಿ, ಒಂದೇ ಕೀಲಿನ, ಚೈನು ಮತ್ತು ಬೇರಿಂಗು ಬಳಸಿದ ಪಂಪನ್ನು ಮಾಡಿದ್ದರು. ಅದನ್ನೇ ತಿದ್ದಿ ಇಂಡಿಯಾ ಮಾರ್ಕ್-2 ಆಯಿತು. ಅದಕ್ಕೆ ಭಾರತೀಯ ಮಾನಕವೂ ಬಂತು, ಐಎಸ್ 9301. ಅದರ ಹಿಡಿಕೆಯಲ್ಲಿರುವುದು 6204 ಬೇರಿಂಗು — 20 ಮಿಲಿಮೀಟರಿನ ಒಳತೂತು, ಯಾವ ಪೇಟೆಯಲ್ಲೂ ಸಿಗುವಂಥದ್ದು. ನಕ್ಷೆ ಎಲ್ಲರಿಗೂ ಮುಕ್ತ, ಯಾರು ಬೇಕಾದರೂ ಮಾಡಬಹುದು, ಯಾರದಕ್ಕೆ ಯಾರದ್ದಾದರೂ ಕೂಡುತ್ತದೆ. ದೇಶದ ತುಂಬ ಲಕ್ಷಗಟ್ಟಲೆ ಊರಿದ ಮೇಲೆ ಅದು ಆಫ್ರಿಕಕ್ಕೂ ಹೋಯಿತು.

ಕಾಲುವೆ ಅಗೆಯುವ ಯಂತ್ರಗಳ ದಾರಿ ಇದಕ್ಕೆ ವಿರುದ್ಧ ದಿಕ್ಕಿಗೆ ಹೋಗಿದೆ. ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿಗಳ ಕಾಲುವೆಗಳನ್ನು ಕಡಿಯುವ ಹೊತ್ತಿಗೆ ಯಂತ್ರಗಳು ವೇಗದವೂ ಬಲದವೂ ಆಗಿದ್ದವು. ಕೃಷ್ಣೆಯ ನೀರು ಎತ್ತರದ ಒಣಭೂಮಿಗೆ ಹತ್ತಿದ್ದರಲ್ಲಿ ಅವುಗಳ ಪಾಲು ದೊಡ್ಡದು. 2021ರ ಏಪ್ರಿಲ್‌ನಿಂದ ಹೊಸ ಹೊಗೆ ನಿಯಮಗಳು ಬಂದವು. ಎಂಜಿನ್ನುಗಳಿಗೆ ಸೆನ್ಸರುಗಳು, ಅವನ್ನೆಲ್ಲ ಆಳುವ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಸೇರಿದವು. ಹೊಗೆ ಕಡಿಮೆಯಾದದ್ದು ಒಳ್ಳೆಯದೇ. ಆದರೆ ಈಗ ಸರಿಯಾದ ಭಾಗವನ್ನು ಸರಿಯಾಗಿ ಕೂರಿಸಿದರೂ ಕೆಲವೊಮ್ಮೆ ಯಂತ್ರ ಏಳುವುದಿಲ್ಲ. ಕಂಪನಿಯವರು ಲ್ಯಾಪ್‌ಟಾಪು ತಂದು ಆ ಭಾಗವನ್ನು ಪೆಟ್ಟಿಗೆಗೆ ಪರಿಚಯಿಸಬೇಕು. ಅಳತೆ ಹೋಗಿ ಸಂಖ್ಯೆ ಬಂದಿತ್ತು, ಈಗ ಸಂಖ್ಯೆಯ ಜೊತೆಗೆ ಅಪ್ಪಣೆಯೂ ಬೇಕು.

ಅಮೆರಿಕದ ರೈತರು ಟ್ರ್ಯಾಕ್ಟರಿನ ವಿಷಯದಲ್ಲಿ ಇದೇ ಜಗಳ ಹೂಡಿ, 2023ರ ಜನವರಿಯಲ್ಲಿ ಜಾನ್ ಡೀರ್ ಕಂಪನಿಯಿಂದ ಒಂದು ಒಪ್ಪಂದ ಪಡೆದರು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಡಿಸೆಂಬರಿನಲ್ಲಿ ಅದಕ್ಕೊಂದು ಅಂತರ್ಜಾಲ ತಾಣವೂ ಬಂತು. ಅದು ಮೊದಲಿಗೆ ಆರಿಸಿಕೊಂಡದ್ದು ನಾಲ್ಕು ವಿಭಾಗಗಳನ್ನು: ಕೃಷಿ ಉಪಕರಣ, ಮೊಬೈಲು ಮತ್ತಿತರ ಎಲೆಕ್ಟ್ರಾನಿಕ್ ಸಾಧನ, ಗೃಹೋಪಯೋಗಿ ವಸ್ತು, ವಾಹನ. ಮಣ್ಣು ಅಗೆಯುವ ಯಂತ್ರ ಆ ಪಟ್ಟಿಯಲ್ಲಿಲ್ಲ. ತಿಕೋಟಾದ ಹೊಲದಲ್ಲಿ ಬೆಳಿಗ್ಗೆ ಬದು ಹಾಕಿ, ಮಧ್ಯಾಹ್ನ ಕೃಷಿಹೊಂಡ ತೋಡಿ, ಸಂಜೆ ಬಬಲೇಶ್ವರದ ರಸ್ತೆ ಕೆಲಸಕ್ಕೆ ಹೋಗುವ ಜೆಸಿಬಿ ಕೃಷಿ ಉಪಕರಣವೋ, ವಾಹನವೋ, ಎರಡೂ ಅಲ್ಲವೋ ಎಂಬುದನ್ನು ಆ ಪಟ್ಟಿ ಮಾಡಿದವರೇ ಹೇಳಬೇಕು.